ಸಂಕಪ್ಪ ಮಾಸ್ಟ್ರ ಮಂಡಿ

ಮೂಡುಬಿದಿರೆ ಪೇಟೆಯಲ್ಲಿ ಹಳಬರು ಯಾರಾದರೂ ಸಿಕ್ಕಿದರೆ, ನೀವು ಬಡಿಸುವ ಮಾಸ್ಟ್ರ ಸೊಸೆಯಲ್ವಾ, ಅವರ ತಂಗಿಯ ಮಗಳಲ್ವಾ ಎಂದು ಈಗಲೂ ಕೇಳ್ತಾರೆ. ಹೌದು ಅಂತೇನೆ. ಎಂಥ ಮನುಷ್ಯ ಮಾರಾಯ್ರೆ, ಅಂಥವರು ಇನ್ನು ಹುಟ್ಟುವುದಿಲ್ಲ, ಯಾವ ಮದುವೆಗೆ ಹೋದರೂ ತಾನು ಎಲೆಯ ಮುಂದೆ ಕೂರದೆ ಕೊನೆಯ ಪಂಕ್ತಿಯವರೆಗೂ ನಿಂತು ಬಡಿಸುತ್ತಿದ್ದರು ಎಂದು ಕೊಂಡಾಡ್ತಾರೆ. ನಾನು ಕೇಳಿಕೊಂಡು ಬರ್ತೇನೆ. ಮಾವ ಬಡಿಸುತ್ತಿದ್ದದ್ದು ಸೇವೆಗಲ್ಲ, ಕೆಳಗೆ ಕೂರಲಿಕ್ಕೆ ಆಗದ್ದಕ್ಕೆ ಎಂದು ಈಗ ಹೇಳಿ ಯಾರಿಗೆ ಎಂತ ಲಾಭ? ಆದರೆ ಬರೆಯಲು ಕೂತ ಮೇಲೆ ಸುಳ್ಳು ಬರೆಯಬಾರದು. ನನ್ನ ಮದುವೆಯ ಮಾತು ಮುರಿದದ್ದು ಅವರ ಬಲಗಾಲಿನ ಮಂಡಿಯಿಂದ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಹೆಸರು ಶಶಿಪ್ರಭಾ. ನಮ್ಮ ಮನೆ ಪುತ್ತಿಗೆಯಲ್ಲಿ. ನನಗೆ ನಾಲ್ಕು ವರ್ಷ ಆಗುವಾಗ ತಂದೆ ಜ್ವರದಲ್ಲಿ ತೀರಿಹೋದರು. ನಮ್ಮದು ಅಳಿಯಸಂತಾನದ ಕಟ್ಟು. ತಾಯಿಯ ಮನೆಯೇ ಮನೆ, ತಾಯಿಯ ಅಣ್ಣನೇ ಯಜಮಾನ. ತಾಯಿ ನೀಲಾವತಿ, ಅವಳ ಅಣ್ಣ ಸಂಕಪ್ಪ, ನಾನು, ಹೀಗೆ ಮೂರೇ ಜನ ನಾವು. ಮಾವ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರು. ಮದುವೆ ಆಗಲಿಲ್ಲ. ಬ್ರಹ್ಮಚರ್ಯದಲ್ಲಿ ಬಲ ಉಂಟು ಎಂದು ಎಲ್ಲಿಯೋ ಓದಿದ್ದರಂತೆ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳದ ಮುರಕಲ್ಲಿನ ಹಾಸಿನ ಮೇಲೆ ಮುನ್ನೂರು ಬಸ್ಕಿ, ನೂರು ದಂಡ. ಮಳೆ ಬಂದರೆ ಜಗಲಿಯಲ್ಲಿ. ಜ್ವರ ಬಂದರೂ ತಪ್ಪಿಸಿದವರಲ್ಲ.

ಬೇರೆಯವರ ನೋವು ಅವರಿಗೆ ತಮಾಷೆ. ತಾಯಿ ಸೊಂಟ ಹಿಡಿದುಕೊಂಡರೆ, ಮೈ ಬಗ್ಗಿಸದವರಿಗೆ ಮೈಯೇ ಶತ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಯಾವನಾದರೂ ಕಾಲು ನೋವು ಎಂದರೆ ಅವನಿಗೆ ಇಪ್ಪತ್ತು ಬಸ್ಕಿ ಹೆಚ್ಚು. ನೋವೆಂದರೆ ಬಲ ಒಳಗೆ ಕೂರುವ ಗುರುತು, ಹೆದರಬಾರದು ಎಂದು ಮಕ್ಕಳಿಗೆ ಪಾಠ. ಊರಿಗೆಲ್ಲ ಬುದ್ಧಿ ಹೇಳಿದವರು ತಮಗೆ ಬಂದಾಗ ಬೇರೆ ಹೇಗೆ ಹೇಳುವುದು?

ಐವತ್ತೇಳನೇ ಇಸವಿಯಲ್ಲಿ ಬಂಟ್ವಾಳದಲ್ಲಿ ಒಂದು ದೊಡ್ಡ ಆಟೋಟ ಕೂಟ ಆಯಿತು. ನಾನು ಆಗ ಒಂಬತ್ತನೇ ಕ್ಲಾಸು, ಶಾಲೆಯ ಮಕ್ಕಳ ಜೊತೆ ಹೋಗಿದ್ದೆ. ಕೊನೆಗೆ ದೊಡ್ಡವರಿಗೆ ಬಸ್ಕಿಯ ಪಂಥ ಇಟ್ಟರು. ಅಲ್ಲಿಯ ವ್ಯಾಯಾಮ ಶಾಲೆಯ ಅಣ್ಣು ಉಸ್ತಾದ ಎಂಬವರು ಒಂದು ಕಡೆ, ನಮ್ಮ ಮಾವ ಇನ್ನೊಂದು ಕಡೆ. ಮಕ್ಕಳೆಲ್ಲ ಸೇರಿ ಲೆಕ್ಕ ಹಾಕುತ್ತಿದ್ದೆವು. ಎಂಟುನೂರ ನಲವತ್ತು ದಾಟುವಾಗ ಮಾವನ ಮುಖ ಒಮ್ಮೆ ಕಪ್ಪಿಟ್ಟಿತು. ಕೆಳಗೆ ಹೋದವರು ಅರೆಗಳಿಗೆ ಅಲ್ಲೇ ನಿಂತರು. ಆಮೇಲೆ ಎದ್ದರು. ಒಂಬೈನೂರಕ್ಕೆ ಅಣ್ಣು ಉಸ್ತಾದ ನಗುತ್ತಾ ಕೈಮುಗಿದು, ನನಗೆ ನಾಳೆಯೂ ನಡೆಯಲಿಕ್ಕೆ ಉಂಟು ಮಾಸ್ಟ್ರೇ ಎಂದು ಬದಿಗೆ ಸರಿದರು. ಬುದ್ಧಿವಂತ. ಮಾವ ಗೆದ್ದಿದ್ದರು, ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸಾವಿರದ ಇನ್ನೂರು ಮಾಡಿದರು. ಸಾವಿರದ ಇನ್ನೂರು ಬಸ್ಕಿಯ ಸಂಕಪ್ಪ ಮಾಸ್ಟ್ರು ಎಂಬ ಹೆಸರು ಬೆಳ್ತಂಗಡಿಯ ಆಚೆಯವರೆಗೂ ಹೋಯಿತು.

ಮರುದಿನ ಮಂಡಿ ತೆಂಗಿನಕಾಯಿಯ ಹಾಗೆ ಬಾತಿತ್ತು. ಒಳಗೆ ಏನೋ ಕಡಿದ ಹಾಗೆ ಶಬ್ದ ಕೇಳಿತ್ತು ಎಂದು ಅವರು ನಮ್ಮ ತಾಯಿಯ ಹತ್ತಿರ ಹೇಳಿದ್ದು ಎಷ್ಟೋ ತಿಂಗಳ ನಂತರ. ತಾಯಿ ನೆಕ್ಕಿಸೊಪ್ಪು ಕುದಿಸಿ ಶಾಖ ಕೊಟ್ಟಳು, ಹರಳೆಣ್ಣೆ ಸವರಿ ಎಕ್ಕದ ಎಲೆ ಬಿಸಿಮಾಡಿ ಕಟ್ಟಿದಳು. ಬಾವು ಸ್ವಲ್ಪ ಇಳಿಯಿತು. ಇಳಿದ ಕೂಡಲೇ ಮಾವ ಪುನಃ ಅಂಗಳಕ್ಕೆ ಇಳಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಬಸ್ಕಿಯಿಂದ ಬಂದದ್ದು ಬಸ್ಕಿಯಿಂದಲೇ ಹೋಗಬೇಕು ಎಂದು ವಾದ. ಮಂಡಿ ಪುನಃ ಬಾತಿತು.

ತಾಯಿ ಅತ್ತೂ ಕರೆದೂ ಅವರನ್ನು ಬಂಟ್ವಾಳದ ಇಬ್ರಾಹಿಂ ಎಂಬ ಎಲುಬು ಕೂರಿಸುವವರ ಹತ್ತಿರ ಕಳಿಸಿದಳು. ಅವರು ಕೈಯಲ್ಲಿ ಮುಟ್ಟಿ ನೋಡಿ, ಎಲುಬು ಸರಿ ಉಂಟು, ಒಳಗೆ ಮೆತ್ತಗಿನದ್ದು ಏನೋ ಹರಿದಿದೆ, ಆರು ತಿಂಗಳು ಈ ಕಾಲನ್ನು ಮಗುವಿನ ಹಾಗೆ ಮಲಗಿಸಿ, ಬಸ್ಕಿ ಎಂಬ ಮಾತೇ ಎತ್ತಬೇಡಿ ಎಂದರಂತೆ. ಮಾವ ಮನೆಗೆ ಬಂದು, ಆ ಇಬ್ರಾಹಿಂಗೆ ವ್ಯಾಯಾಮದ ಗಂಧಗಾಳಿ ಇಲ್ಲ ಎಂದರು. ಆರು ತಿಂಗಳು ಸುಮ್ಮನೆ ಕೂತಿದ್ದರೆ ಆ ಕಾಲು ಉಳಿಯುತ್ತಿತ್ತು. ಆದರೆ ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲಿ ಇರಲಿಲ್ಲ.

ಒಂದು ದಿನ ತಾಯಿಯನ್ನೂ ನನ್ನನ್ನೂ ದೈವದ ಕೋಣೆಯ ಎದುರು ನಿಲ್ಲಿಸಿ ಆಣೆ ಹಾಕಿಸಿಕೊಂಡರು. ಈ ಮಂಡಿಯ ಮಾತು ಮನೆಯ ಹೊಸಿಲು ದಾಟಬಾರದು. ಡ್ರಿಲ್ ಮಾಸ್ಟ್ರಿಗೆ ಮಂಡಿ ಹೋಗಿದೆ ಎಂದು ಗೊತ್ತಾದರೆ ಶಾಲೆಯವರು ಮರುದಿನವೇ ಬೇರೆಯವನನ್ನು ತರ್ತಾರೆ ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೆಲಸಕ್ಕಿಂತ ದೊಡ್ಡದು ಆ ಸಾವಿರದ ಇನ್ನೂರು. ಅದನ್ನು ನಾನು ಹದಿನಾರನೇ ವಯಸ್ಸಿನಲ್ಲೇ ತಿಳಿದುಕೊಂಡಿದ್ದೆ.

ಅಡಗಿಸುವುದಕ್ಕೆ ಅವರು ಪಟ್ಟ ಪಾಡು ನಾನು ಕಣ್ಣಾರೆ ಕಂಡವಳು. ಚಡ್ಡಿ ಬಿಟ್ಟು ಉದ್ದದ ಖಾಕಿ ಪ್ಯಾಂಟು ಹಾಕಲು ಶುರುಮಾಡಿದರು, ಒಳಗೆ ತಾಯಿಯ ಹಳೆಯ ಸೀರೆಯ ಪಟ್ಟಿ ಸುತ್ತಿಕೊಂಡು. ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯುತ್ತಿದ್ದರು, ಯಾರಾದರೂ ಬಂದರೆ ಕೆಮ್ಮುತ್ತಾ ಅಲ್ಲೇ ನಿಲ್ಲುತ್ತಿದ್ದರು. ಹಿತ್ತಲಿನ ಕಕ್ಕಸಿನಲ್ಲಿ ಕೂರುವ ಕಲ್ಲುಗಳನ್ನು ಮೂರು ಸಾಲು ಎತ್ತರಿಸಿಕೊಂಡರು, ಹಾವಿನ ಹೆದರಿಕೆ ಎಂದು ಕೆಲಸದವರಿಗೆ ಹೇಳಿದರು. ಶಾಲೆಯಲ್ಲಿ ಒಬ್ಬ ಹುಡುಗನನ್ನು ಎದುರು ನಿಲ್ಲಿಸಿ ತಾವು ಸೀಟಿ ಮಾತ್ರ ಊದುವುದು. ಬಸ್ಸಿನಲ್ಲಿ ಕಾಲು ಚಾಚಲು ಜಾಗ ಇರುವ ಮುಂದಿನ ಸೀಟೇ ಆಗಬೇಕು. ಇಷ್ಟೆಲ್ಲ ಆದರೂ ಬೆಳಗಿನ ಬಸ್ಕಿ ಮಾತ್ರ ಬಿಡಲಿಲ್ಲ. ಮುನ್ನೂರು ಇನ್ನೂರಾಯಿತು, ಕೆಳಗೆ ಹೋಗುವುದು ಅರ್ಧಕ್ಕೆ ನಿಂತಿತು. ಹಲ್ಲು ಕಚ್ಚುವ ಶಬ್ದ ನನಗೆ ಒಲೆಯ ಬುಡಕ್ಕೆ ಕೇಳುತ್ತಿತ್ತು.

ನಮ್ಮ ಊರಿನಲ್ಲಿ ಮದುವೆಯಾಗಲಿ ಸತ್ತವರ ಬೊಜ್ಜವಾಗಲಿ, ಊಟ ನೆಲದಲ್ಲಿ ಪಂಕ್ತಿ ಹಾಕಿ. ಮಾವನಿಗೆ ಚಕ್ಕಲಮಕ್ಕಲ ಕೂತರೆ ಮಂಡಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಎಬ್ಬಿಸಲು ಇಬ್ಬರು ಬೇಕು. ಹಾಗಾಗಿ ಎಲೆ ಹಾಸುವ ಹೊತ್ತಿಗೆ ಹೆಗಲ ಮೇಲಿನ ಬೈರಾಸು ಸೊಂಟಕ್ಕೆ ಬಿಗಿದು ಸಾರಿನ ಬಾಲ್ದಿ ಹಿಡಿದುಬಿಡುವರು. ಕೊನೆಗೆ ಅಡುಗೆಯವರ ಜೊತೆ ನಿಂತುಕೊಂಡು ಎರಡು ತುತ್ತು. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೂ ಚಿಂತೆಯಿಲ್ಲ ಎಂದು ಜನ ನಗುತ್ತಿದ್ದರು. ಎರಡು ವರ್ಷದೊಳಗೆ ಅವರು ಬಡಿಸುವ ಮಾಸ್ಟ್ರು ಆದರು. ಬಾಲ್ದಿ ಹೊತ್ತು ಎರಡು ಗಂಟೆ ನಿಲ್ಲುವುದು ಕೂರುವುದಕ್ಕಿಂತ ಸುಲಭವೇನಲ್ಲ. ಆದರೆ ನಿಂತವನ ನೋವು ಯಾರಿಗೂ ಕಾಣುವುದಿಲ್ಲ.

ಅರುವತ್ತೊಂದನೇ ಇಸವಿಯಲ್ಲಿ ಮಾವನ ಶಾಲೆಗೆ ರಮಾನಾಥ ಎಂಬವರು ವಿಜ್ಞಾನದ ಮಾಸ್ಟ್ರಾಗಿ ಒಂದು ವರ್ಷಕ್ಕೆ ಬಂದರು. ಬೆಳ್ತಂಗಡಿಯ ಆಚೆಯವರು, ನಮ್ಮ ಜಾತಿಯವರೇ. ಭಾನುವಾರ ಮಾವ ಅವರನ್ನು ಊಟಕ್ಕೆ ಕರೆತರುತ್ತಿದ್ದರು. ನಾನು ಆಗ ಟ್ರೈನಿಂಗ್ ಮುಗಿಸಿ ಪುತ್ತಿಗೆಯ ಸಣ್ಣ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅವರು ಮಾತು ಕಡಿಮೆ, ಆದರೆ ನಾನು ಆಡಿದ್ದನ್ನು ಪೂರ್ತಿ ಕೇಳುತ್ತಿದ್ದರು. ಮನೆಯಲ್ಲಿ ನನ್ನ ಮಾತು ಪೂರ್ತಿ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೆ ಅವರು ಬೇಕು ಅನಿಸಿತು. ನಾಚಿಕೆ ಎಂತಕೆ, ಬೇಕು ಅನಿಸಿತು.

ಅವರಿಗೂ ಹಾಗೆಯೇ ಆಗಿರಬೇಕು. ಅರುವತ್ತಮೂರನೇ ಇಸವಿಯ ಜನವರಿಯಲ್ಲಿ ಅವರ ಮಾವ ಕಮಲಾಕ್ಷ ಎಂಬವರು ನಾಲ್ಕು ಜನರೊಂದಿಗೆ ನನ್ನನ್ನು ನೋಡಲು ಬಂದರು. ಆ ಮನೆಗೂ ತಾಯಿಯ ತಮ್ಮನೇ ಯಜಮಾನ, ಅವರು ಹಾಕಿದ ಗೆರೆ ಯಾರೂ ದಾಟುವಂತಿಲ್ಲ. ಮಾವ ಆ ದಿನ ಖುಷಿಯಲ್ಲಿ ಎಲ್ಲರಿಗೂ ತಾವೇ ಬಡಿಸಿದರು. ಮನೆಯ ಯಜಮಾನ ಬಡಿಸಿದರೆ ಅದು ದೊಡ್ಡ ಮರ್ಯಾದೆ. ಕಮಲಾಕ್ಷರಿಗೆ ತುಂಬ ಸಂತೋಷವಾಯಿತು, ಉಂಡು ತಮ್ಮ ಕಡೆಯ ಒಪ್ಪಿಗೆ ತಿಳಿಸಿದರು. ಇನ್ನು ನಾವು ಅವರ ಮನೆ ನೋಡಲು ಹೋಗಬೇಕಿತ್ತು.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಮನೆ ನೋಡಲು ಹೋದಾಗ ಮೊದಲು ಬೆಲ್ಲ ನೀರು ಕೊಡ್ತಾರೆ. ಅದನ್ನು ಯಾರೂ ಕುಡಿಯಬಹುದು. ಆದರೆ ಅನ್ನ ಉಣ್ಣುವುದು ಸಂಬಂಧ ಒಪ್ಪಿಗೆಯಾದರೆ ಮಾತ್ರ. ಹೆಣ್ಣಿನ ಮಾವ, ಗಂಡಿನ ಮಾವ ಅಕ್ಕಪಕ್ಕ ಮಣೆ ಹಾಕಿಕೊಂಡು ಉಂಡರೆ ಮಾತು ಮುಗಿಯಿತು, ಬೇರೆ ಕಾಗದ ಪತ್ರ ಬೇಡ. ಉಣ್ಣದೆ ಎದ್ದರೆ ಬೇಡ ಎಂದು ಅರ್ಥ. ಮೇಲಾಗಿ ಆ ಮನೆಗೆ ಒಂದು ಹಳೆಯ ಗಾಯ ಉಂಟು. ರಮಾನಾಥರ ಅಜ್ಜಿ ಅವ್ವಮ್ಮ ಎಂಬವರ ತಂಗಿಗೆ ಹಿಂದೆ ಕುಷ್ಠ ಬಂದಿತ್ತು. ಆ ತಂಗಿ ಸತ್ತು ಹತ್ತು ವರ್ಷದವರೆಗೂ ಊರಿನವರು ಆ ಮನೆಯಲ್ಲಿ ಅನ್ನ ಮುಟ್ಟುತ್ತಿರಲಿಲ್ಲವಂತೆ. ಹೊಟ್ಟೆ ತುಂಬಿದೆ, ಉಪವಾಸ ಉಂಟು ಎಂದು ನೆಪ ಹೇಳಿ ಎದ್ದು ಹೋಗುತ್ತಿದ್ದರಂತೆ. ಇದನ್ನು ರಮಾನಾಥರೇ ಮೊದಲು ನಮ್ಮ ಮಾವನಿಗೆ ಹೇಳಿದ್ದರು, ಅಡಗಿಸಿ ಮದುವೆ ಆಗಬಾರದು ಎಂದು. ಅದೆಲ್ಲ ನಮಗೆ ಲೆಕ್ಕಕ್ಕೇ ಇಲ್ಲ ಎಂದು ಮಾವ ಅವರ ಬೆನ್ನು ತಟ್ಟಿದ್ದರು.

ಹೋಗುವ ದಿನ ಬೆಳಿಗ್ಗೆ ಮಂಡಿ ಸಡಿಲವಾಗಲಿ ಎಂದು ಮಾವ ನೂರೈವತ್ತು ಬಸ್ಕಿ ಹೊಡೆದರು. ಬೇಡ ಎಂದು ತಾಯಿ ಕೈಮುಗಿದಳು. ಕೇಳಿದರೆ ಅಲ್ವಾ? ಆಮೇಲೆ ವೇಣೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಎರಡು ಗಂಟೆ, ಇಳಿದು ಗುಡ್ಡದ ದಾರಿಯಲ್ಲಿ ಒಂದು ಮೈಲು. ತಾಯಿ ಜೊತೆಗೆ ಹೋಗಿದ್ದಳು. ಮದುವೆಯ ಹೆಣ್ಣು ಹೋಗುವ ಕ್ರಮವಿಲ್ಲ, ನಾನು ಮನೆಯಲ್ಲಿ. ಮುಂದಿನದೆಲ್ಲ ತಾಯಿ ಹೇಳಿದ್ದು.

ಜಗಲಿಯಲ್ಲಿ ಬೆಂಚು ಇತ್ತು, ಅಲ್ಲಿ ಕೂತು ಮಾತುಕತೆ ಸುಸೂತ್ರವಾಗಿ ಆಯಿತು. ಮಾವ ಡ್ರಿಲ್ಲಿನ ಕತೆ ಹೇಳಿ ಎಲ್ಲರನ್ನೂ ನಗಿಸಿದರು. ಚೀನಾದ ಯುದ್ಧ ಆಗಷ್ಟೇ ಆಗಿತ್ತು, ಎಲ್ಲ ಕಡೆ ಡ್ರಿಲ್ಲಿಗೆ ಬೆಲೆ ಬಂದಿತ್ತು. ನಿಮ್ಮಂಥವರು ಸಾವಿರ ಜನ ಇದ್ದರೆ ಸಾಕಿತ್ತು ಎಂದು ಕಮಲಾಕ್ಷರು ಹೊಗಳಿದರಂತೆ. ಹೊಗಳಿಕೆಯೇ ಮುಳುವಾಯಿತು ಎನ್ನಬೇಕು. ಅಷ್ಟು ಹೊತ್ತಿಗೆ ಚಾವಡಿಯಲ್ಲಿ ಎಲೆ ಹಾಸಿದರು. ಎರಡು ಮಣೆ, ಅಕ್ಕಪಕ್ಕ, ನಾಲ್ಕು ಬೆರಳಿನ ಎತ್ತರದ್ದು. ಕೈ ತೊಳೆಯುವ, ಬನ್ನಿ ಮಾಸ್ಟ್ರೇ ಎಂದು ಕಮಲಾಕ್ಷರು ಎದ್ದರು.

ಮಾವ ಆ ಮಣೆ ನೋಡಿದರು. ಕೂತರೆ ಏಳಲಿಕ್ಕೆ ಇಬ್ಬರು ಹಿಡಿಯಬೇಕು. ಸಾವಿರದ ಇನ್ನೂರು ಬಸ್ಕಿಯವರನ್ನು ಬೀಗರ ಚಾವಡಿಯಲ್ಲಿ ಹೆಣ ಎತ್ತಿದ ಹಾಗೆ ಎತ್ತಬೇಕು. ಬಾಯಿಗೆ ಅಭ್ಯಾಸವಾಗಿದ್ದ ಮಾತು ಬಂದುಬಿಟ್ಟಿತು: "ನೀವೆಲ್ಲ ಕೂತುಕೊಳ್ಳಿ, ನಾನು ಬಡಿಸ್ತೇನೆ."

ಇನ್ನೂ ಬೀಗರಾಗದ ಮನೆಯಲ್ಲಿ ನೆಂಟ ಎದ್ದು ಬಡಿಸುವುದು ಎಲ್ಲಿಯಾದರೂ ಉಂಟಾ? ಕಮಲಾಕ್ಷರು ತಮಾಷೆ ಎಂದುಕೊಂಡು ನಕ್ಕರು, ಇನ್ನೊಮ್ಮೆ ಕರೆದರು. ಮಾವ, ಹೊಟ್ಟೆ ಅಷ್ಟು ಸರಿ ಇಲ್ಲ ಎಂದರು. ಹಾಗಾದರೆ ಎರಡು ಅಗುಳು ಮುಟ್ಟಿದರೆ ಸಾಕು ಎಂದರು ಅವರು. ಇವತ್ತು ಶನಿವಾರ, ಉಪವಾಸ ಎಂದುಬಿಟ್ಟರು ಮಾವ. ಒಂದರ ಹಿಂದೆ ಒಂದು ಎರಡು ನೆಪ, ಎರಡೂ ಆ ಮನೆಯವರು ಹತ್ತು ವರ್ಷ ಕೇಳಿ ಕೇಳಿ ಸುಸ್ತಾದದ್ದು. ಒಳಬಾಗಿಲಿನಲ್ಲಿದ್ದ ತಾಯಿ ಬಾಯಿ ತೆರೆದಳಂತೆ. ದೈವದ ಆಣೆ ನೆನಪಾಗಿ ಮುಚ್ಚಿದಳಂತೆ. ನಾನು ಅವಳನ್ನೂ ಬೇಗ ಕ್ಷಮಿಸಲಿಲ್ಲ.

ಕಮಲಾಕ್ಷರು ಗಟ್ಟಿ ಮಾತು ಆಡಲಿಲ್ಲ. ಎಲೆಗಳನ್ನು ಒಂದೊಂದಾಗಿ ಮಡಚಿ ತೆಗೆಯಲು ಹೇಳಿದರು. ಮೂರೂವರೆಗೆ ಬಸ್ಸು ಉಂಟು, ಈಗ ಹೊರಟರೆ ಸಿಗ್ತದೆ ಎಂದರು. ರಮಾನಾಥ ಕಂಬದ ಹತ್ತಿರ ನಿಂತು ಮಾವನನ್ನೇ ನೋಡುತ್ತಿದ್ದರಂತೆ.

ಸಂಜೆ ತಾಯಿ ಇಷ್ಟನ್ನೂ ಹೇಳಿ ಅತ್ತಳು. ನಾನು ನೇರ ಮಾವನ ಎದುರು ಹೋಗಿ ನಿಂತೆ. ಯಜಮಾನನ ಎದುರು ಹಾಗೆ ನಿಂತದ್ದು ಅದೇ ಮೊದಲು. ನಾಳೆಯೇ ಹೋಗಿ, ಮಂಡಿ ನೋವು ಎಂದು ಒಂದು ಮಾತು ಹೇಳಿ ಬನ್ನಿ, ಅಷ್ಟೇ ಸಾಕು ಎಂದೆ. ಅವರು ಪಟ್ಟಿ ಬಿಚ್ಚುತ್ತಾ ಕೂತಿದ್ದರು, ಮಂಡಿ ಕೆಂಪಾಗಿ ಹೊಳೆಯುತ್ತಿತ್ತು. ಹೇಳಬಹುದು, ಆದರೆ ಹೇಳಿದ ಮೇಲೆ ನಾನು ಯಾರು ಎಂದು ಕೇಳಿದರು. ನಾನು ಕಾಲು ಹಿಡಿದೆ, ಬೈದೆ, ಎರಡು ದಿನ ಉಣ್ಣಲಿಲ್ಲ. ಅವರೂ ಉಣ್ಣಲಿಲ್ಲ. ಆದರೆ ಹೋಗುತ್ತೇನೆ ಎನ್ನಲಿಲ್ಲ.

ಆಗ ನಾನು ಆಣೆ ಮುರಿದೆ. ರಮಾನಾಥರಿಗೆ ಕಾಗದ ಬರೆದೆ. ಮಾವನ ಮಂಡಿ ಆರು ವರ್ಷದಿಂದ ಹಾಳಾಗಿದೆ, ನೆಲದಲ್ಲಿ ಕೂರಲಿಕ್ಕೆ ಆಗುವುದಿಲ್ಲ, ನಿಮ್ಮ ಮನೆಯ ಅನ್ನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲ ಬಿಡಿಸಿ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು, ರಮಾನಾಥರಿಂದಲ್ಲ, ಕಮಲಾಕ್ಷರಿಂದ, ತಾಯಿಯ ಹೆಸರಿಗೆ. ಬಂಟ್ವಾಳದ ಕೂಟದಲ್ಲಿ ನಾನೂ ಇದ್ದೆ, ಸಾವಿರದ ಇನ್ನೂರನ್ನು ಕಣ್ಣಾರೆ ನೋಡಿದ್ದೇನೆ, ಆ ಮಂಡಿಗೆ ನೋವೆಂದು ಸಣ್ಣ ಮಕ್ಕಳಿಗೆ ಹೇಳಬೇಕು, ಬೇಡ ಎಂದಿದ್ದರೆ ಮುಗಿಯುತ್ತಿತ್ತು, ಹುಡುಗಿಯ ಕೈಯಲ್ಲಿ ಸುಳ್ಳು ಬರೆಸುವುದು ಬೇಕಿರಲಿಲ್ಲ. ಕಮಲಾಕ್ಷರು ಬರೆದದ್ದು ಇಷ್ಟೇ. ಅದನ್ನು ನಾನು ಮಾವನ ಮುಂದೆ ಗಟ್ಟಿಯಾಗಿ ಓದಿದೆ.

ಅವರು ಬೈಯಲಿಲ್ಲ. ಹೇಳಿದರೆ ನಂಬುವುದಿಲ್ಲ, ಹಾಗಾದರೆ ಕೂತೇ ತೋರಿಸ್ತೇನೆ ಎಂದರು. ನನ್ನ ಮಾವನ ತಲೆ ಓಡುವುದು ಹಾಗೆ. ಅವರ ಪಂಕ್ತಿಯಲ್ಲಿ ಕೂತು ಉಂಡು ಎದ್ದು ಬರಬೇಕು, ಅದಕ್ಕೆ ಮಂಡಿಯನ್ನು ಪಳಗಿಸಬೇಕು.

ಮರುದಿನದಿಂದ ಅದೇ. ಬೆಳಿಗ್ಗೆ ಚಾವಡಿಯಲ್ಲಿ ಮಣೆ ಹಾಕಿ, ಕಂಬ ಹಿಡಿದು ಕೆಳಗೆ ಇಳಿಯುವುದು, ಮಂಡಿ ಸಿಕ್ಕಿಕೊಂಡರೆ ಎರಡು ಕೈಯಲ್ಲಿ ಹಿಡಿದು ತಿರುಚಿ ಬಿಡಿಸುವುದು, ಕಂಬ ಹಿಡಿದು ಏಳುವುದು. ತಾಯಿ ಹಿತ್ತಲಿಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮತ್ತೆ ನಾನು? ನಾನು ಬಾಗಿಲಿನಲ್ಲಿ ನಿಂತು ನೋಡುತ್ತಿದ್ದೆ. ಸಾಕು ಮಾವ ಎಂದು ಹೇಳಬಹುದಿತ್ತು. ಹೇಳಲಿಲ್ಲ, ನನಗೆ ರಮಾನಾಥ ಬೇಕಿತ್ತು. ಅವರು ಒಮ್ಮೆ ಎದ್ದರೆ ನಾನು ಮನಸ್ಸಿನಲ್ಲೇ ಇನ್ನೊಮ್ಮೆ ಎನ್ನುತ್ತಿದ್ದೆ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಎಪ್ರಿಲಿನಲ್ಲಿ ಒಂದು ದಿನ ಅವರು ಕಂಬ ಮುಟ್ಟದೆ ಎದ್ದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ, ಆದರೆ ನಗುತ್ತಿದ್ದರು. ಶಶೀ, ನಾಳೆ ಹೋಗ್ತೇನೆ ಎಂದರು.

ಒಬ್ಬರೇ ಹೋದರು, ಮೊದಲ ಬಸ್ಸಿಗೆ. ಸಂಜೆ ಐದರ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ಒಂದು ಬಾಡಿಗೆ ಕಾರು ನಿಂತಿತು. ರಮಾನಾಥ ಇಳಿದರು. ಡ್ರೈವರನೂ ಅವರೂ ಸೇರಿ ಮಾವನನ್ನು ಎತ್ತಿ ತಂದು ಜಗಲಿಯಲ್ಲಿ ಮಲಗಿಸಿದರು. ಬಲಗಾಲು ಮಡಚಿದ್ದು ಮಡಚಿದ ಹಾಗೆಯೇ ಇತ್ತು.

ನಡೆದದ್ದನ್ನು ರಮಾನಾಥರೇ ತಾಯಿಗೆ ಹೇಳಿದರು. ಅಂದು ಉಣ್ಣದೆ ಹೋದೆ, ಇಂದು ಉಣ್ಣಲಿಕ್ಕೆ ಬಂದಿದ್ದೇನೆ ಎಂದು ಮಾವ ಜಗಲಿ ಹತ್ತಿದರಂತೆ. ಮನೆ ಬಾಗಿಲಿಗೆ ಬಂದು ಅನ್ನ ಕೇಳಿದವರಿಗೆ ಇಲ್ಲ ಎನ್ನಲಾಗದೆ ಕಮಲಾಕ್ಷರು ಮಣೆ ಹಾಕಿಸಿದರು. ಮಾವ ಕೂತರು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಉಂಡ ಮೇಲೆ, ಇನ್ನು ನಮ್ಮ ಮಕ್ಕಳ ಮಾತು ಮುಂದುವರಿಸುವ ಎಂದರು. ಆಗ ಕಮಲಾಕ್ಷರು ತಲೆ ತಗ್ಗಿಸಿ ಹೇಳಿದರಂತೆ: "ಮಾಸ್ಟ್ರೇ, ಹೋದ ಶುಕ್ರವಾರ ಮಾತಾಗಿ ಹೋಯಿತು. ಕನ್ಯಾನದ ಹುಡುಗಿ."

ಎಲ್ಲರೂ ಎದ್ದು ಕೈ ತೊಳೆದರು, ಎಲೆ ತೆಗೆದರು. ಮಾವ ಮಾತ್ರ ಕೂತೇ ಇದ್ದರು. ಏಳಲು ಎರಡು ಸಲ ನೋಡಿದರು. ಉಂಡ ಕೈ ಒಣಗಿತು. ಅಸಮಾಧಾನದಿಂದ ಹಠ ಹಿಡಿದು ಕೂತಿದ್ದಾರೆ ಎಂದು ಗಂಡಸರೆಲ್ಲ ಎಣಿಸಿದರಂತೆ. ಒಳಗಿನಿಂದ ಅಜ್ಜಿ ಅವ್ವಮ್ಮ ಕೋಲು ಊರಿಕೊಂಡು ಬಂದು ಎದುರು ನಿಂತರು.

"ಮಗಾ, ಮಂಡಿ ನೋವಾ?"

"ಹೌದು."

"ಆ ದಿನ ಉಣ್ಣದ್ದು ಇದಕ್ಕೆಯಾ?"

"ಹೌದು."

ಕಮಲಾಕ್ಷರು ತಲೆಗೆ ಕೈ ಹೊತ್ತು ಅಲ್ಲೇ ಕುಸಿದು ಕೂತರಂತೆ. ಆಮೇಲೆ ಅವರೂ ರಮಾನಾಥರೂ ಆಚೆ ಈಚೆ ಹಿಡಿದು ಎತ್ತುವಾಗ ಮಂಡಿಯೊಳಗೆ ಏನೋ ಹರಿದದ್ದು ಎಲ್ಲರಿಗೂ ಕೇಳಿತಂತೆ. ಮಾವ ಆಗಲೂ ಕೂಗಲಿಲ್ಲ.

ಹೋಗುವ ಮೊದಲು ರಮಾನಾಥ ಬಾವಿಯ ಹತ್ತಿರ ನಿಂತಿದ್ದ ನನ್ನಲ್ಲಿಗೆ ಬಂದರು. "ನಿಮ್ಮ ಕಾಗದ ನಾನು ನಂಬಿದ್ದೆ. ಇಲ್ಲಿ ಉಣ್ಣುವಾಗ ಅವರು ಒಮ್ಮೆಯೂ ಕೂತದ್ದು ನೋಡಿರಲಿಲ್ಲ. ನಮ್ಮ ಮಾವ ನಂಬಲಿಲ್ಲ" ಎಂದರು. ನಂಬಿದ ಮೇಲೆ ನೀವು ಎಂತ ಮಾಡಿದಿರಿ ಎಂದು ಕೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಕೇಳಲಿಲ್ಲ. ಕನ್ಯಾನದ ಹುಡುಗಿ ಎಂತ ತಪ್ಪು ಮಾಡಿದ್ದಳು ಪಾಪ? ಕೊಟ್ಟ ಮಾತು ಎಂದರೆ ಮಾತೇ. ಕಾರು ಹೋಯಿತು, ನಾನು ನೀರು ಸೇದಿ ಒಳಗೆ ಬಂದೆ.

ಮಂಗಳೂರಿನ ಡಾಕ್ಟರು ನೋಡಿ, ಮಂಡಿಯೊಳಗಿನ ಮೆತ್ತೆ ಹಿಂದೆಯೇ ಹರಿದಿತ್ತು, ಮೊದಲೇ ವಿಶ್ರಾಂತಿ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಇಬ್ರಾಹಿಂ ಕೈಯಲ್ಲಿ ಮುಟ್ಟಿ ಹೇಳಿದ್ದೇ ಇದು. ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಆರು ವರ್ಷ ಇಡೀ ಭಾರ ಹೊತ್ತ ಎಡಮಂಡಿಯೂ ಕೈಕೊಟ್ಟಿತು. ಜೂನಿಗೆ ಶಾಲೆಯವರು ಒಂದು ಹಾರ ಹಾಕಿ ಬೀಳ್ಕೊಟ್ಟರು. ಅಲ್ಲಿಂದ ಮಾವ ಜಗಲಿಯ ಮಂಚದ ಮೇಲೆ. ಬೆಳಿಗ್ಗೆ ಎತ್ತಿ ಹಿತ್ತಲಿಗೆ ಕರೆದುಕೊಂಡು ಹೋಗುವುದು, ಮೀಯಿಸುವುದು, ಸಂಜೆ ಪುನಃ ಎತ್ತುವುದು, ಎಲ್ಲ ನನ್ನದು. ತಾಯಿಗೆ ಅಷ್ಟು ತ್ರಾಣವಿರಲಿಲ್ಲ.

ಆಮೇಲೆ ನೋಡಿ ಮಾರಾಯ್ರೆ, ಅವರ ಬಾಯಿ ಬಿಚ್ಚಿತು. ಆರು ವರ್ಷ ಒಂದು ಮಾತು ಆಡದವರು ಈಗ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಂಡಿಯ ಕತೆ ಹೇಳಲು ಶುರುಮಾಡಿದರು. ಎಂಟುನೂರ ನಲವತ್ತೊಂದನೇ ಬಸ್ಕಿಯಲ್ಲಿ ಕಡಿದದ್ದು, ಬಾತದ್ದು, ಪಟ್ಟಿ ಕಟ್ಟಿದ್ದು, ಹಿಂದೆ ಹಿಂದೆ ಮೆಟ್ಟಿಲು ಇಳಿದದ್ದು. ಮೀನು ತರುವ ಉಮ್ಮರ್ ಬುಟ್ಟಿ ಕೆಳಗಿಟ್ಟು ಅರ್ಧ ಗಂಟೆ ಕೇಳಬೇಕು. ಪೋಸ್ಟಿನವನು ಕೇಳಬೇಕು. ಹಳೆಯ ಶಿಷ್ಯರು ಬಂದರೆ ಪಂಚೆ ಎತ್ತಿ ತೋರಿಸುವರು. ಅವರು ಹೇಳುವಾಗ ಮುಖದಲ್ಲಿ ಒಂದು ಹಗುರ ಇರುತ್ತಿತ್ತು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಒಂದೊಂದು ಮಾತೂ ಚುಚ್ಚುತ್ತಿತ್ತು.

ಅರುವತ್ತಾರನೇ ಇಸವಿಯಲ್ಲಿ ಸಂಬಂಧಿಕರ ಮೂಲಕ ಇನ್ನೊಂದು ಕಡೆಯವರು ನನ್ನನ್ನು ನೋಡಲು ಬಂದರು. ನನಗೆ ಆಗ ಇಪ್ಪತ್ತನಾಲ್ಕು, ಅದೇ ಕೊನೆಯ ಅವಕಾಶ ಎಂದು ತಾಯಿ ಹೇಳಿದ್ದಳು. ಅವರು ಜಗಲಿ ಹತ್ತಿ ಬೆಲ್ಲ ಬಾಯಿಗೆ ಹಾಕುವ ಮೊದಲೇ ಮಾವ ಶುರುಮಾಡಿದರು. ಎಲ್ಲ ಹೇಳಿದರು. ಶಶಿ ಇಲ್ಲದಿದ್ದರೆ ನನಗೆ ಹಿತ್ತಲಿಗೂ ಹೋಗಲಿಕ್ಕೆ ಆಗುವುದಿಲ್ಲ, ಬೆಳಿಗ್ಗೆ ಎತ್ತುವವಳು ಅವಳೇ, ಸಂಜೆ ಎತ್ತುವವಳು ಅವಳೇ ಎಂದು ಹೆಮ್ಮೆಯಿಂದ ಹೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಒಳ್ಳೆಯ ಮನುಷ್ಯರೇ. ಯೋಚಿಸಿ ತಿಳಿಸ್ತೇವೆ ಎಂದು ಹೇಳಿ ಹೋದರು. ಮತ್ತೆ ಸುದ್ದಿ ಇಲ್ಲ.

ಅವರು ಗೇಟು ದಾಟಿದ ಕೂಡಲೇ ನನ್ನ ತಾಳ್ಮೆ ಹೋಯಿತು. "ಹೇಳಬೇಕಾದಾಗ ಸತ್ತರೂ ಹೇಳಲಿಲ್ಲ. ಈಗ ಯಾರು ಕೇಳಿದರು ನಿಮ್ಮ ಮಂಡಿಯ ಕತೆ?" ಎಂದು ಕೂಗಿದೆ. ನೆರೆಯವರಿಗೂ ಕೇಳಿಸಿತು. ತಾಯಿ ಬಂದು ನನ್ನ ಕೈ ಎಳೆದಳು.

ಮಾವ ನನ್ನನ್ನು ನೋಡಿದರು. ಪಂಚೆಯನ್ನು ಮೆಲ್ಲಗೆ ಮಂಡಿಯ ಮೇಲೆ ಎಳೆದುಕೊಂಡರು.

ಅಂದಿನಿಂದ ಅವರು ಯಾರನ್ನೂ ಕರೆಯಲಿಲ್ಲ. ಉಮ್ಮರ್ ತಾನಾಗಿಯೇ ನಿಂತು, ಹೇಗುಂಟು ಮಾಸ್ಟ್ರೇ ಎಂದರೆ, ಸುಖ ಎನ್ನುತ್ತಿದ್ದರು. ನಾನು ಎತ್ತುವಾಗ ಅವರು ಹಲ್ಲು ಕಚ್ಚುವುದು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ನೋವು ಉಂಟಾ ಮಾವ ಎಂದು ಪ್ರತಿ ದಿನ ಕೇಳುತ್ತಿದ್ದೆ. ಒಂದು ಸಲ ಹೌದು ಎನ್ನಲಿ ಎಂದು ಕಾಯುತ್ತಿದ್ದೆ. ಅರುವತ್ತೆಂಟನೇ ಇಸವಿಯ ಆಟಿ ತಿಂಗಳ ಮಳೆಯಲ್ಲಿ ಎದೆಕಫ ಕಟ್ಟಿ ಹೋದರು. ಆ ದಿನ ಬೆಳಿಗ್ಗೆ ಕೇಳಿದಾಗಲೂ ಇಲ್ಲ ಎಂದೇ ಹೇಳಿದ್ದರು.